ನಮ್ಮವನು ಮಾಡಿದರೆ ತಪ್ಪು, ಅವರವನು ಮಾಡಿದರೆ ಮೋಸ: ಕ್ರೀಡಾ ಹಗರಣ ಮತ್ತು ಅಭಿಮಾನಿಯ ಮನಸ್ಸು

2017ರ ಮಾರ್ಚ್ 7, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ. ಟೆಸ್ಟ್ ಗೆಲ್ಲಲು ಆಸ್ಟ್ರೇಲಿಯಾಕ್ಕೆ 188 ರನ್ ಬೇಕಿತ್ತು. ನಾಯಕ ಸ್ಟೀವ್ ಸ್ಮಿತ್ ಕ್ರೀಸಿನಲ್ಲಿದ್ದರು. ಉಮೇಶ್ ಯಾದವ್ ಎಸೆದ ಚೆಂಡು ಮೇಲೇಳದೆ ನುಗ್ಗಿ ಪ್ಯಾಡಿಗೆ ಬಡಿಯಿತು, ಅಂಪೈರ್ ಬೆರಳೆತ್ತಿದರು. ಮರುಪರಿಶೀಲನೆ ಕೇಳಬೇಕೋ ಬೇಡವೋ ಎಂದು ತೋಚದ ಸ್ಮಿತ್, ತಮ್ಮ ತಂಡದ ಡ್ರೆಸ್ಸಿಂಗ್ ಕೊಠಡಿಯ ಕಡೆ ತಿರುಗಿ ನೋಡಿದರು. ಹೊರಗಿನವರ ಸಲಹೆ ಪಡೆಯಲು ನಿಯಮದಲ್ಲಿ ಅವಕಾಶವಿಲ್ಲ. ಅಂಪೈರ್ ನೈಜೆಲ್ ಲಾಂಗ್ ತಡೆದರು, ವಿರಾಟ್ ಕೊಹ್ಲಿ ದೂರದಿಂದ ಓಡಿಬಂದರು. ಭಾರತ 75 ರನ್‌ಗಳಿಂದ ಗೆದ್ದಿತು. ‘ಆ ಕ್ಷಣ ತಲೆ ಓಡಲಿಲ್ಲ’ ಎಂಬರ್ಥದ ಮಾತನ್ನು ಸ್ಮಿತ್ ಆಮೇಲೆ ಹೇಳಿದರು. ನಮ್ಮಲ್ಲಿ ನಂಬಿದವರು ಕಡಿಮೆ. ಆ ಸಂಜೆ ಊರೂರಿನ ಟೀವಿ ಮುಂದೆ ಅವರಿಗೆ ಸಿಕ್ಕ ಹೆಸರು ‘ಮೋಸಗಾರ’.

ಒಂದೇ ತಿಂಗಳು ಕಳೆದಿರಬೇಕು. ಅದೇ ಸ್ಮಿತ್ ಐಪಿಎಲ್‌ನಲ್ಲಿ ಪುಣೆ ತಂಡದ ನಾಯಕರಾಗಿ ಮೈದಾನಕ್ಕಿಳಿದರು. ಮಹೇಂದ್ರ ಸಿಂಗ್ ಧೋನಿ ಇದೇ ಸ್ಮಿತ್ ಕೈಕೆಳಗೆ ಆಡಿದರು. ತಂಡ ಫೈನಲ್ ತಲುಪಿತು, ಅಲ್ಲಿಯ ಗ್ಯಾಲರಿಗಳು ಸ್ಮಿತ್ ಹೆಸರು ಕೂಗಿದವು. ಮರುವರ್ಷ ಕೇಪ್‌ಟೌನ್‌ನಲ್ಲಿ ಸ್ಮಿತ್ ನಾಯಕತ್ವದ ಆಸ್ಟ್ರೇಲಿಯಾ ತಂಡ ಚೆಂಡು ವಿರೂಪಗೊಳಿಸಿದ ಪ್ರಕರಣ ಹೊರಬಿದ್ದಾಗ ಮತ್ತೆ ‘ನಾವು ಅಂದೇ ಹೇಳಿರಲಿಲ್ಲವೇ’ ಎಂಬ ಮಾತು.

ಮನುಷ್ಯ ಒಬ್ಬನೇ, ನೋಡುವವರೂ ನಾವೇ, ತೀರ್ಪು ಮಾತ್ರ ತಿಂಗಳಿಗೊಂದು. ಆಟಗಾರನೊಬ್ಬನ ತಪ್ಪು ಬಯಲಾದಾಗ ಅಭಿಮಾನಿಗಳು ಯಾಕೆ ಹೀಗೆ ನಡೆದುಕೊಳ್ಳುತ್ತಾರೆ, ಕೆಲವರನ್ನು ಬೇಗ ಕ್ಷಮಿಸಿ ಕೆಲವರನ್ನು ಎಂದಿಗೂ ಕ್ಷಮಿಸದಿರಲು ಕಾರಣವೇನು ಎಂಬುದನ್ನು ಇಲ್ಲಿ ಬುಡದಿಂದ ನೋಡೋಣ. ಹಗರಣದ ಸುದ್ದಿ ಮೊಬೈಲ್‌ಗೆ ಬಂದು ಬಿದ್ದ ರಾತ್ರಿ ಮನೆಮನೆಯಲ್ಲಿ ನಡೆಯುವ ವಾದಕ್ಕೆ ಇದು ಸ್ವಲ್ಪ ಬೆಳಕು ಕೊಟ್ಟೀತು.

ಮೊದಲು, ಯಾವುದು ಯಾವ ತಪ್ಪು?

‘ಹಗರಣ’ ಎಂಬ ಒಂದೇ ಪದದಡಿ ನಾವು ಹಲವು ಬಗೆಯ ತಪ್ಪುಗಳನ್ನು ತುಂಬುತ್ತೇವೆ. ಫಲಿತಾಂಶವನ್ನೇ ಹಣಕ್ಕೆ ಮಾರುವುದು ಮ್ಯಾಚ್ ಫಿಕ್ಸಿಂಗ್. ಪಂದ್ಯದ ಒಂದು ತುಣುಕನ್ನು, ಅಂದರೆ ಇಂಥ ಓವರಿನಲ್ಲಿ ಇಷ್ಟು ರನ್ ಬಿಟ್ಟುಕೊಡುವುದು, ಇಂಥ ಎಸೆತ ನೋಬಾಲ್ ಹಾಕುವುದು ಎಂದು ಮೊದಲೇ ಮಾತಾಡಿಕೊಳ್ಳುವುದು ಸ್ಪಾಟ್ ಫಿಕ್ಸಿಂಗ್. ಇವೆರಡೂ ಒಂದೇ ಬಗೆ. ಗೆಲ್ಲಲೆಂದೇ ನಿಯಮ ಮುರಿಯುವುದು ಎರಡನೆಯ ಬಗೆ. ಉದ್ದೀಪನ ಮದ್ದು ಸೇವನೆ, ಚೆಂಡನ್ನು ಕೆರೆದು ವಿರೂಪಗೊಳಿಸುವುದು ಇದರಲ್ಲಿ ಸೇರುತ್ತವೆ. ಮೂರನೆಯದು ಮೈದಾನದ ಹೊರಗಿನ ನಡತೆ: ಹೊಡೆದಾಟ, ಲೈಂಗಿಕ ದೌರ್ಜನ್ಯ, ಕುಡಿದು ವಾಹನ ಓಡಿಸುವುದು, ತೆರಿಗೆ ವಂಚನೆ.

ಅಭಿಮಾನಿ ಈ ಮೂರಕ್ಕೂ ಒಂದೇ ರೀತಿ ಸ್ಪಂದಿಸುವುದಿಲ್ಲ. ಇನ್ನೊಂದು ವಿಚಿತ್ರವೂ ಇದೆ. ಕಾನೂನಿನ ಕಣ್ಣಿಗೆ ಅತಿ ಗಂಭೀರವಾದ ತಪ್ಪಿಗೇ ಅಭಿಮಾನಿಯ ಸಿಟ್ಟೂ ಹೆಚ್ಚಬೇಕೆಂದೇನಿಲ್ಲ.

‘ನಾವು ಗೆದ್ದೆವು, ಅವರು ಸೋತರು’

ಭಾರತ ಗೆದ್ದ ದಿನ ‘ನಾವು ಗೆದ್ದೆವು’ ಎನ್ನುತ್ತೇವೆ. ಸೋತ ದಿನ ‘ಏನು ಆಡಿದರೋ ಇವರು’ ಎನ್ನುತ್ತೇವೆ. ಇದು ನಮ್ಮ ಊರಿನ ಚಾಳಿ ಮಾತ್ರವೇ ಎಂದುಕೊಂಡಿದ್ದರೆ, ಹಾಗಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಹೇಳುತ್ತದೆ. ತಮ್ಮ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಗೆದ್ದರೆ, ಮರು ಸೋಮವಾರ ವಿಶ್ವವಿದ್ಯಾಲಯದ ಗುರುತಿರುವ ಬಟ್ಟೆ ತೊಟ್ಟು ತರಗತಿಗೆ ಬರುವ ವಿದ್ಯಾರ್ಥಿಗಳ ಸಂಖ್ಯೆ ಹೆಚ್ಚುತ್ತಿತ್ತು. ಪಂದ್ಯದ ಬಗ್ಗೆ ಕೇಳಿದರೆ ಗೆಲುವಿಗೆ ‘ನಾವು’, ಸೋಲಿಗೆ ‘ಅವರು’.

ಇನ್ನೊಬ್ಬರ ಗೆಲುವಿನ ಬಿಸಿಲಿನಲ್ಲಿ ಮೈ ಕಾಯಿಸಿಕೊಳ್ಳುವುದು ಮನುಷ್ಯ ಸ್ವಭಾವ. ಮಗಳಿಗೆ ರ‍್ಯಾಂಕ್ ಬಂದರೆ ಬೀದಿಗೆಲ್ಲ ಸಿಹಿ ಹಂಚುವ ಅಪ್ಪನದೂ ಇದೇ ಸಂತೋಷ. ಪರೀಕ್ಷೆ ಬರೆದವಳು ಮಗಳಾದರೂ ತಲೆ ಎತ್ತಿ ನಡೆಯುವವನು ಅಪ್ಪ. ಆಟಗಾರನ ಜೊತೆ ಅಭಿಮಾನಿ ಕಟ್ಟಿಕೊಂಡ ನಂಟು ಈ ಜಾತಿಯದು. ಒಂದು ವ್ಯತ್ಯಾಸವಿದೆ: ಆಟಗಾರನಿಗೆ ಈ ಅಭಿಮಾನಿಯ ಹೆಸರೂ ಗೊತ್ತಿಲ್ಲ. ನಂಟು ಒಂದೇ ಕಡೆಯಿಂದ ಬೆಳೆದಿದೆ. ಹತ್ತು ವರ್ಷ ಅವನ ಮುಖ, ನಡಿಗೆ, ಅವನು ಗ್ಲೌಸ್ ಸರಿಪಡಿಸಿಕೊಳ್ಳುವ ಬಗೆ ಎಲ್ಲವನ್ನೂ ನೋಡಿ ನೋಡಿ, ‘ಇವನನ್ನು ನಾನು ಬಲ್ಲೆ’ ಎಂಬ ಭಾವ ಬಂದುಬಿಟ್ಟಿರುತ್ತದೆ.

ಹಗರಣ ಬಯಲಾದಾಗ ಏಟು ಬೀಳುವುದು ಈ ‘ಬಲ್ಲೆ’ ಎಂಬ ಜಾಗಕ್ಕೆ. ‘ಅವನು ಒಳ್ಳೆಯವನು’ ಎಂಬ ನಂಬಿಕೆ ಒಂದು ಕಡೆ, ‘ಅವನು ಹೀಗೆ ಮಾಡಿದ್ದಾನೆ’ ಎಂಬ ಸುದ್ದಿ ಇನ್ನೊಂದು ಕಡೆ. ಎರಡನ್ನೂ ಒಟ್ಟಿಗೆ ಹೊತ್ತುಕೊಳ್ಳುವುದು ಮನಸ್ಸಿಗೆ ಕಷ್ಟ. ಒಂದನ್ನು ಕೆಳಗಿಳಿಸಲೇಬೇಕು. ಲಿಯಾನ್ ಫೆಸ್ಟಿಂಗರ್ ಎಂಬ ಮನಶ್ಶಾಸ್ತ್ರಜ್ಞ 1957ರಲ್ಲಿ ಈ ಒಳತಿಕ್ಕಾಟದ ಬಗ್ಗೆ ಸಿದ್ಧಾಂತವನ್ನೇ ಮಂಡಿಸಿದರು. ಸುದ್ದಿಯನ್ನು ಅಲ್ಲಗಳೆಯುವುದು ಸುಲಭ, ಹತ್ತು ವರ್ಷದ ನಂಬಿಕೆಯನ್ನು ಬಿಡುವುದು ಕಷ್ಟ. ಆದ್ದರಿಂದ ಅಭಿಮಾನಿಯ ಬಾಯಿಂದ ಮೊದಲು ಬರುವ ಮಾತು ಬಹುಮಟ್ಟಿಗೆ ‘ಇರಲಿಕ್ಕಿಲ್ಲ’.

2000ದ ಏಪ್ರಿಲ್‌ನಲ್ಲಿ ದಕ್ಷಿಣ ಆಫ್ರಿಕಾದ ನಾಯಕ ಹ್ಯಾನ್ಸಿ ಕ್ರೋನಿಯೆ ಬೆಟ್ಟಿಂಗ್ ನಡೆಸುವ ಬುಕ್ಕಿಯೊಬ್ಬನ ಜೊತೆ ಫೋನಿನಲ್ಲಿ ಮಾತಾಡಿದ್ದನ್ನು ದೆಹಲಿ ಪೊಲೀಸರು ಬಹಿರಂಗಪಡಿಸಿದಾಗ ಆ ದೇಶ ಹೇಳಿದ್ದೂ ಇದನ್ನೇ. ದೆಹಲಿ ಪೊಲೀಸರೇ ಕಥೆ ಕಟ್ಟಿದ್ದಾರೆ ಎಂದರು, ದನಿ ಅವರದಲ್ಲ ಎಂದರು. ನಾಲ್ಕು ದಿನ ಕಳೆಯುವಷ್ಟರಲ್ಲಿ, ನಡುರಾತ್ರಿ ಮೂರು ಗಂಟೆಗೆ ಕ್ರೋನಿಯೆ ತಾವೇ ಮಂಡಳಿಯ ಮುಖ್ಯಸ್ಥ ಅಲಿ ಬ್ಯಾಕರ್ ಅವರಿಗೆ ಫೋನ್ ಮಾಡಿ, ತಾನು ಪೂರ್ತಿ ನಿಜ ಹೇಳಿರಲಿಲ್ಲ ಎಂದು ಒಪ್ಪಿಕೊಂಡರು.

ನನ್ನ ದೊಡ್ಡಪ್ಪನ ಮಗನ ಬಳಿ ಒಂದು ಪುಸ್ತಕವಿತ್ತು. ಪತ್ರಿಕೆಗಳಿಂದ ಕ್ರಿಕೆಟಿಗರ ಚಿತ್ರ ಕತ್ತರಿಸಿ ಅದರಲ್ಲಿ ಅಂಟಿಸುತ್ತಿದ್ದ. ಕ್ರೋನಿಯೆಗೆ ಒಂದಿಡೀ ಪುಟ ಮೀಸಲಿತ್ತು. ಆ ಬೇಸಿಗೆ ರಜೆಯಲ್ಲಿ ಅವನು ಆ ಪುಟವನ್ನು ಹರಿಯಲಿಲ್ಲ. ಅಂಚಿಗೆಲ್ಲ ಗೋಂದು ಹಚ್ಚಿ, ಮುಂದಿನ ಪುಟದ ಜೊತೆ ಸೇರಿಸಿ ಅಂಟಿಸಿಬಿಟ್ಟ. ಪುಸ್ತಕ ಮಡಚಿದರೆ ಆ ಜಾಗ ಮಾತ್ರ ದಪ್ಪಗೆ ಎದ್ದು ಕಾಣುತ್ತಿತ್ತು. ಅಭಿಮಾನಿಯ ಮನಸ್ಸಿನ ಬಗ್ಗೆ ಏನನ್ನೇ ಓದಿದರೂ ನನಗೆ ಆ ದಪ್ಪ ಪುಟವೇ ನೆನಪಾಗುತ್ತದೆ.

ಕಣ್ಣೇ ಪಕ್ಷ ವಹಿಸುತ್ತದೆ

‘ಅಭಿಮಾನಿಗಳು ನಿಜ ಗೊತ್ತಿದ್ದೂ ವಾದ ಮಾಡುತ್ತಾರೆ’ ಎಂದು ಹಲವರು ತಿಳಿದಿದ್ದಾರೆ. ಸಂಗತಿ ಅದಕ್ಕಿಂತ ಆಳದ್ದು. ಅವರಿಗೆ ಕಾಣುವುದೇ ಬೇರೆ.

1951ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ಮತ್ತು ಡಾರ್ಟ್‌ಮತ್ ಕಾಲೇಜುಗಳ ನಡುವೆ ಒಂದು ಒರಟು ಫುಟ್‌ಬಾಲ್ ಪಂದ್ಯ ನಡೆಯಿತು. ಪ್ರಿನ್ಸ್‌ಟನ್ನಿನ ತಾರಾ ಆಟಗಾರನ ಮೂಗು ಮುರಿಯಿತು, ಡಾರ್ಟ್‌ಮತ್ ಆಟಗಾರನೊಬ್ಬನ ಕಾಲು ಮುರಿಯಿತು. ಆಲ್ಬರ್ಟ್ ಹ್ಯಾಸ್ಟಾರ್ಫ್ ಮತ್ತು ಹ್ಯಾಡ್ಲಿ ಕ್ಯಾಂಟ್ರಿಲ್ ಎಂಬ ಸಂಶೋಧಕರು ಪಂದ್ಯದ ಚಿತ್ರೀಕರಣವನ್ನು ಎರಡೂ ಕಾಲೇಜಿನ ವಿದ್ಯಾರ್ಥಿಗಳಿಗೆ ತೋರಿಸಿ, ಎಲ್ಲೆಲ್ಲಿ ನಿಯಮ ಮುರಿದಿದೆ ಎಂದು ಗುರುತು ಹಾಕಲು ಹೇಳಿದರು. ಡಾರ್ಟ್‌ಮತ್ ವಿದ್ಯಾರ್ಥಿಗಳು ತಮ್ಮ ತಂಡದಲ್ಲಿ ಕಂಡ ತಪ್ಪುಗಳಿಗಿಂತ ಎರಡು ಪಟ್ಟಿಗೂ ಹೆಚ್ಚು ತಪ್ಪುಗಳನ್ನು ಅದೇ ತಂಡದಲ್ಲಿ ಪ್ರಿನ್ಸ್‌ಟನ್ನಿನವರು ಕಂಡರು. ತೋರಿಸಿದ್ದು ಒಂದೇ ಚಿತ್ರ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ನಮ್ಮ ಗಾದೆಗೆ ಇದಕ್ಕಿಂತ ಚೆನ್ನಾದ ಪುರಾವೆ ಬೇಕಿಲ್ಲ.

ಈಗ ನಮ್ಮದೇ ಚೆಂಡಿನ ಕಥೆಗಳಿಗೆ ಬರೋಣ. 2001ರ ನವೆಂಬರ್, ಪೋರ್ಟ್ ಎಲಿಜಬೆತ್ ಟೆಸ್ಟ್. ಸಚಿನ್ ತೆಂಡೂಲ್ಕರ್ ಚೆಂಡಿನ ಹೊಲಿಗೆಯ ಮೇಲೆ ಬೆರಳಾಡಿಸುತ್ತಿದ್ದದ್ದು ಟೀವಿಯಲ್ಲಿ ಕಂಡಿತು. ಮ್ಯಾಚ್ ರೆಫರಿ ಮೈಕ್ ಡೆನಿಸ್ ಅವರು ಸಚಿನ್‌ಗೆ ಒಂದು ಟೆಸ್ಟಿನ ಅಮಾನತು ಶಿಕ್ಷೆ ವಿಧಿಸಿ, ಅದನ್ನು ತಡೆಹಿಡಿದರು. ಬೇರೆ ಬೇರೆ ಕಾರಣಕ್ಕೆ ಇನ್ನೂ ಐವರು ಭಾರತೀಯರಿಗೂ ದಂಡನೆಯಾಯಿತು. ಸಚಿನ್ ಹೊಲಿಗೆಯಲ್ಲಿ ಸಿಕ್ಕಿದ್ದ ಹುಲ್ಲು ಮಣ್ಣು ತೆಗೆಯುತ್ತಿದ್ದರು, ಅಂಪೈರ್‌ಗೆ ಹೇಳದೆ ತೆಗೆದದ್ದಷ್ಟೇ ತಪ್ಪು ಎಂಬುದು ನಮ್ಮ ಕಡೆಯ ವಿವರಣೆ. ದೇಶದಲ್ಲಿ ರೆಫರಿಯ ಪ್ರತಿಕೃತಿ ಸುಟ್ಟರು, ಸಂಸತ್ತಿನಲ್ಲೂ ವಿಷಯ ಏರಿತು. ಮುಂದಿನ ಸೆಂಚುರಿಯನ್ ಪಂದ್ಯಕ್ಕೆ ಡೆನಿಸ್ ಅವರನ್ನು ಬಿಟ್ಟು ಆಡಿದ್ದರಿಂದ ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿ (ಐಸಿಸಿ) ಆ ಪಂದ್ಯಕ್ಕೆ ಟೆಸ್ಟ್ ಮಾನ್ಯತೆಯನ್ನೇ ಕೊಡಲಿಲ್ಲ.

2004ರ ಜನವರಿ, ಬ್ರಿಸ್ಬೇನ್. ಜಿಂಬಾಬ್ವೆ ವಿರುದ್ಧದ ಏಕದಿನ ಪಂದ್ಯ. ನಮ್ಮ ರಾಹುಲ್ ದ್ರಾವಿಡ್ ಬಾಯಲ್ಲಿ ಚಪ್ಪರಿಸುತ್ತಿದ್ದ ಕೆಮ್ಮಿನ ಮಾತ್ರೆಯ ಅಂಟು ಚೆಂಡಿನ ಹೊಳಪಿನ ಬದಿಗೆ ಹತ್ತಿತು. ಕ್ಯಾಮೆರಾ ಅದನ್ನು ಹಿಡಿಯಿತು. ರೆಫರಿ ಕ್ಲೈವ್ ಲಾಯ್ಡ್ ಪಂದ್ಯದ ಸಂಭಾವನೆಯ ಅರ್ಧ ದಂಡ ಹಾಕಿದರು. ಗೊತ್ತಿಲ್ಲದೆ ಆದದ್ದು ಎಂದು ತಂಡ ಹೇಳಿತು. ಬೆಂಗಳೂರಿನಲ್ಲಿ ನಾವೂ ಅದನ್ನೇ ನಂಬಿದೆವು, ಮತ್ತು ಬೇಗ ಮರೆತೆವು. ಇಂದಿನ ಹದಿಹರೆಯದ ಅಭಿಮಾನಿಗಳನ್ನು ಕೇಳಿ ನೋಡಿ, ಸ್ಮಿತ್ ಕಥೆ ಬಾಯಿಪಾಠ, ದ್ರಾವಿಡ್ ಕಥೆ ಕೇಳಿಯೇ ಇರುವುದಿಲ್ಲ.

ಮೂರೂ ಒಂದೇ ತೂಕದ ತಪ್ಪು ಎಂದು ನಾನು ಹೇಳುತ್ತಿಲ್ಲ. 2018ರ ಮಾರ್ಚ್ 24ರಂದು ಕೇಪ್‌ಟೌನ್‌ನಲ್ಲಿ ನಡೆದದ್ದು ಊಟದ ವಿರಾಮದಲ್ಲಿ ಕೂತು ಮಾಡಿದ ಯೋಜನೆ. ಸ್ಮಿತ್ ತಂಡದ ಕ್ಯಾಮರೂನ್ ಬ್ಯಾಂಕ್ರಾಫ್ಟ್ ಜೇಬಿನಿಂದ ಹಳದಿ ಸ್ಯಾಂಡ್‌ಪೇಪರ್ ತೆಗೆದು ಚೆಂಡು ಉಜ್ಜಿದರು, ಕ್ಯಾಮೆರಾ ತಮ್ಮ ಮೇಲಿದೆ ಎಂದು ತಿಳಿದದ್ದೇ ತಡ ಅದನ್ನು ಪ್ಯಾಂಟಿನೊಳಗೆ ತುರುಕಿಕೊಂಡರು, ಅಂಪೈರ್ ಕೇಳಿದಾಗ ಕಪ್ಪು ಬಟ್ಟೆಯೊಂದನ್ನು ತೋರಿಸಿದರು. ಸಂಜೆ ಅದು ಟೇಪು ಎಂದೂ ಹೇಳಿದರು. ಯೋಜನೆ ಮತ್ತು ಸುಳ್ಳು ಎರಡೂ ಸೇರಿದ ಪ್ರಕರಣ ಅದು. ನಾವು ಗಮನಿಸಬೇಕಾದದ್ದು ಬೇರೆ: ಈ ವ್ಯತ್ಯಾಸಗಳನ್ನೆಲ್ಲ ಪಟ್ಟಿ ಮಾಡುವ ಮೊದಲೇ ನಮ್ಮ ತೀರ್ಪು ಸಿದ್ಧವಾಗಿತ್ತು. ದ್ರಾವಿಡ್ ಪ್ರಕರಣದಲ್ಲಿ ಮೊದಲು ನಂಬಿದೆವು, ಆಮೇಲೆ ಕಾರಣ ಹುಡುಕಿದೆವು. ಸ್ಮಿತ್ ವಿಷಯದಲ್ಲಿ ಮೊದಲು ಸಿಟ್ಟಾದೆವು.

ಮನಸ್ಸು ಹಿಡಿಯುವ ಮೂರು ದಾರಿ

ಸುದ್ದಿ ಸುಳ್ಳೆಂದು ಹೇಳಲಾಗದ ಹಂತ ಬಂದಾಗ ಅಭಿಮಾನಿ ಏನು ಮಾಡುತ್ತಾನೆ? ಈ ಬಗ್ಗೆ ಅಧ್ಯಯನ ನಡೆಸಿದವರು ಮುಖ್ಯವಾಗಿ ಮೂರು ದಾರಿಗಳನ್ನು ಗುರುತಿಸುತ್ತಾರೆ.

ಮೊದಲನೆಯದು ಸಮಜಾಯಿಷಿ. ತಪ್ಪನ್ನೇ ಚಿಕ್ಕದು ಮಾಡುವುದು. ‘ಎಲ್ಲರೂ ಮಾಡುತ್ತಾರೆ, ಇವನು ಸಿಕ್ಕಿಬಿದ್ದ ಅಷ್ಟೆ’, ‘ಅವನ ತಲೆ ಕೆಡಿಸಿದವರು ಬೇರೆ’, ‘ಆ ದೇಶದವರು ಮಾಡಿದ್ದರ ಮುಂದೆ ಇದೇನು ಮಹಾ’. ಆಲ್ಬರ್ಟ್ ಬಂಡೂರಾ ಎಂಬ ಮನಶ್ಶಾಸ್ತ್ರಜ್ಞ ಇಂಥ ಮಾತುಗಳ ಬಗೆಗಳನ್ನೇ ವಿಂಗಡಿಸಿ ತೋರಿಸಿದ್ದಾರೆ: ಹೋಲಿಕೆಯಿಂದ ಹಗುರ ಮಾಡುವುದು, ಹೊಣೆಯನ್ನು ಹತ್ತು ಜನಕ್ಕೆ ಹಂಚುವುದು, ತಪ್ಪಿಗೆ ಮೃದುವಾದ ಹೆಸರಿಡುವುದು. ಕೊನೆಯದನ್ನು ನಾವು ದಿನವೂ ಕೇಳುತ್ತೇವೆ. ನಮ್ಮ ಆಟಗಾರ ಎದುರಾಳಿಯ ಮೇಲೆ ಏರಿಹೋದರೆ ಅದು ‘ಆಕ್ರಮಣಶೀಲತೆ’, ಎದುರಾಳಿ ಅದನ್ನೇ ಮಾಡಿದರೆ ‘ದುರಹಂಕಾರ’.

ಎರಡನೆಯದು ಬೇರ್ಪಡಿಸುವುದು. ಇಲ್ಲಿ ಅಭಿಮಾನಿ ತಪ್ಪನ್ನು ಒಪ್ಪಿಕೊಳ್ಳುತ್ತಾನೆ. ‘ಅವನು ಮನುಷ್ಯನಾಗಿ ಹೇಗೋ ಗೊತ್ತಿಲ್ಲ, ಆದರೆ ಆ ಕವರ್ ಡ್ರೈವ್ ಇದೆಯಲ್ಲ!’ ಎನ್ನುತ್ತಾನೆ. ಊರಿನ ಒಬ್ಬ ವೈದ್ಯ ಭಾರಿ ಸಿಡುಕ, ಬಾಯಿ ಬಿಟ್ಟರೆ ಬೈಗುಳ, ಆದರೆ ಕೈಗುಣ ಚೆನ್ನಾಗಿದೆ. ಜನ ಬೈದುಕೊಂಡೇ ಅವನ ಬಳಿಗೆ ಹೋಗುತ್ತಾರೆ. ಕೈಯನ್ನೂ ಬಾಯನ್ನೂ ಬೇರೆ ಬೇರೆ ಖಾತೆಯಲ್ಲಿ ಬರೆದಿಡುತ್ತಾರೆ. ಸಮಜಾಯಿಷಿಗಿಂತ ಈ ದಾರಿ ಅಭಿಮಾನಿಗೆ ಹಿತ. ಕೆಟ್ಟದ್ದನ್ನು ಒಳ್ಳೆಯದೆಂದು ವಾದಿಸುವ ಮುಜುಗರವಿಲ್ಲ, ಆಟದ ಸುಖವನ್ನೂ ಬಿಡಬೇಕಿಲ್ಲ.

ಮೂರನೆಯದು ಬೆಸೆದು ನೋಡುವುದು. ‘ಇಂಥವನ ಶತಕಕ್ಕೆ ನಾನು ಚಪ್ಪಾಳೆ ತಟ್ಟಲಾರೆ’ ಎಂದು ಮನುಷ್ಯನನ್ನೂ ಆಟವನ್ನೂ ಒಂದೇ ತಕ್ಕಡಿಗೆ ಹಾಕುವುದು. ಪೋಸ್ಟರ್ ಇಳಿಯುತ್ತದೆ, ಜೆರ್ಸಿ ಮೂಲೆ ಸೇರುತ್ತದೆ.

ಯಾವ ದಾರಿ ಹಿಡಿಯುತ್ತಾನೆ ಎಂಬುದು ತಪ್ಪು ಎಲ್ಲಿ ನಡೆಯಿತು ಎಂಬುದರ ಮೇಲೆ ಬಹಳಷ್ಟು ನಿಂತಿದೆ. ಹಾಲು ಹಾಕುವವನು ಜೂಜಾಡುತ್ತಾನೆಂದು ತಿಳಿದರೂ ನಾಳೆ ಬೆಳಗ್ಗೆ ಅದೇ ಹಾಲು ಕೊಳ್ಳುತ್ತೇವೆ. ಹಾಲಿಗೆ ನೀರು ಬೆರೆಸಿದನೆಂದು ತಿಳಿದರೆ ಅಂದೇ ನಿಲ್ಲಿಸುತ್ತೇವೆ. ಮೈದಾನದ ಹೊರಗಿನ ತಪ್ಪನ್ನು ಬೇರ್ಪಡಿಸಬಹುದು. ಆಟದೊಳಗಿನ ತಪ್ಪನ್ನು ಬೇರ್ಪಡಿಸಲು ಜಾಗವೇ ಇಲ್ಲ, ಏಕೆಂದರೆ ಕೆಟ್ಟದ್ದು ನಾವು ಕುಡಿದ ಹಾಲೇ.

ಫಿಕ್ಸಿಂಗ್ ಏಕೆ ಇಷ್ಟು ಉರಿಸುತ್ತದೆ

ಚೆಂಡು ಕೆರೆದವನೂ ಗೆಲ್ಲಬೇಕೆಂದೇ ಕೆರೆದ. ಮದ್ದು ಚುಚ್ಚಿಕೊಂಡವನೂ ಓಡಿದ್ದು ಗೆಲ್ಲಲೆಂದು. ಅಭಿಮಾನಿ ಬಯಸುವುದೂ ಗೆಲುವನ್ನೇ. ತಪ್ಪು ದಾರಿಯಾದರೂ ಇಬ್ಬರ ಗುರಿ ಒಂದು. ಫಿಕ್ಸಿಂಗ್‌ನಲ್ಲಿ ಆಟಗಾರ ಅಭಿಮಾನಿಯ ಎದುರು ಬದಿಗೆ ಹೋಗಿ ನಿಲ್ಲುತ್ತಾನೆ. ನಾನು ಉಗುರು ಕಚ್ಚುತ್ತ ಕೂತಿದ್ದಾಗ ಅವನಿಗೆ ಮುಂದೇನಾಗುತ್ತದೆಂದು ಗೊತ್ತಿತ್ತು ಎಂಬ ಅರಿವು ಬಹಳ ಹಿಂಸೆ ಕೊಡುತ್ತದೆ.

ಈ ಹಿಂಸೆ ಹಿಂದಕ್ಕೂ ಹರಡುತ್ತದೆ. ಒಂದು ಪಂದ್ಯ ನಕಲಿ ಎಂದಾದರೆ ಹಳೆಯ ಪಂದ್ಯಗಳೆಲ್ಲ ಅನುಮಾನದ ಸಾಲಿಗೆ ನಿಲ್ಲುತ್ತವೆ. ಕ್ರೋನಿಯೆ ಪ್ರಕರಣ ತನಿಖೆ ಮಾಡಿದ ಕಿಂಗ್ ಆಯೋಗದ ಮುಂದೆ ಬೆಂಗಳೂರಿನ ಹೆಸರೂ ಬಂತು. 2000ದ ಮಾರ್ಚ್‌ನಲ್ಲಿ ಚಿನ್ನಸ್ವಾಮಿಯಲ್ಲಿ ನಡೆದ ಟೆಸ್ಟಿಗೆ ಮೊದಲು ಕ್ರೋನಿಯೆ ಹೋಟೆಲ್ ಕೊಠಡಿಗೆ ಬಂದು, ಹಣದ ಆಹ್ವಾನವೊಂದರ ಬಗ್ಗೆ ತಮಾಷೆ ಎಂಬಂತೆ ಪ್ರಸ್ತಾಪಿಸಿದ್ದನ್ನು ಅವರ ತಂಡದವರೇ ಆದ ಜಾಕ್ ಕಾಲಿಸ್, ಲ್ಯಾನ್ಸ್ ಕ್ಲೂಸ್ನರ್ ಮತ್ತು ಮಾರ್ಕ್ ಬೌಷರ್ ಹೇಳಿದರು. ಆ ಮೂವರು ಒಪ್ಪಲಿಲ್ಲ. ಪಂದ್ಯವನ್ನು ದಕ್ಷಿಣ ಆಫ್ರಿಕಾ ಇನಿಂಗ್ಸ್ ಅಂತರದಲ್ಲಿ ಗೆದ್ದಿತು. ಅದೇ ತಿಂಗಳು ನಾಗಪುರದ ಏಕದಿನ ಪಂದ್ಯದಲ್ಲಿ 20ಕ್ಕಿಂತ ಕಡಿಮೆ ರನ್ ಮಾಡಲು ಅದೇ ತಂಡದ ಹರ್ಷಲ್ ಗಿಬ್ಸ್ 15,000 ಡಾಲರ್‌ಗೆ ಒಪ್ಪಿದ್ದರು. ಮೈದಾನಕ್ಕಿಳಿದ ಮೇಲೆ ಹೊಡೆದದ್ದು 74. ಒಪ್ಪಿದ್ದಕ್ಕೇ ಆರು ತಿಂಗಳ ನಿಷೇಧವಾಯಿತು. ಆ 74 ರನ್ನುಗಳನ್ನು ಕುರ್ಚಿಯ ತುದಿಯಲ್ಲಿ ಕೂತು ನೋಡಿದವರು ಈಗ ಏನೆಂದು ನೆನಪಿಡಬೇಕು?

ಅಭಿಮಾನಿಯ ‘ಮೋಸ’ವೂ ಕಾನೂನಿನ ‘ಮೋಸ’ವೂ ಒಂದೇ ಅಲ್ಲ ಎಂಬುದನ್ನು ನಮ್ಮ ರಾಜ್ಯದ್ದೇ ಒಂದು ಪ್ರಕರಣ ತಿಳಿಸಿತು. 2019ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್‌ನಲ್ಲಿ ಫಿಕ್ಸಿಂಗ್ ನಡೆದಿದೆ ಎಂದು ಬೆಂಗಳೂರಿನ ಸಿಸಿಬಿ ಪೊಲೀಸರು ಆಟಗಾರರನ್ನೂ ಇತರರನ್ನೂ ಬಂಧಿಸಿದರು. 2022ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್ ನಾಲ್ವರ ವಿರುದ್ಧದ ವಂಚನೆ ಪ್ರಕರಣವನ್ನು ರದ್ದು ಮಾಡಿತು. ಆಟಗಾರ ಫಿಕ್ಸಿಂಗ್ ಮಾಡಿದರೆ ಪ್ರೇಕ್ಷಕರಿಗೆ ಮೋಸ ಹೋದ ಭಾವ ಬರಬಹುದು, ಆದರೆ ಆಗ ಜಾರಿಯಲ್ಲಿದ್ದ ಭಾರತೀಯ ದಂಡ ಸಂಹಿತೆಯ, ವಂಚನೆಗೆ ಸಂಬಂಧಿಸಿದ 420ನೇ ಕಲಂ ಅನ್ವಯಿಸಬೇಕಾದರೆ ಆಸೆ ತೋರಿಸಿ ಅವರಿಂದ ಸ್ವತ್ತು ಪಡೆದಿರಬೇಕು, ಟಿಕೆಟ್ಟನ್ನು ಜನ ತಾವಾಗಿಯೇ ಕೊಳ್ಳುತ್ತಾರೆ ಎಂಬುದು ನ್ಯಾಯಾಲಯದ ವಿಶ್ಲೇಷಣೆಯ ಸಾರ. ಶಿಸ್ತುಕ್ರಮದ ಅಧಿಕಾರ ಕ್ರಿಕೆಟ್ ಮಂಡಳಿಗೆ ಇದೆ ಎಂದೂ ಹೇಳಿತು.

ಆರೋಪ, ಬಂಧನ, ನಿಷೇಧ: ಮೂರೂ ಬೇರೆ

ಅಭಿಮಾನಿಗಳ ವಾದದಲ್ಲಿ ಅತಿ ಹೆಚ್ಚು ಗೊಂದಲವಿರುವುದು ಇಲ್ಲಿ. ‘ಕೋರ್ಟೇ ಬಿಟ್ಟಿದೆ, ಇನ್ನೇನು?’ ಎಂದು ಒಬ್ಬರು, ‘ಮಂಡಳಿ ನಿಷೇಧಿಸಿದೆ, ಇನ್ನೇನು?’ ಎಂದು ಇನ್ನೊಬ್ಬರು.

ಕ್ರಿಮಿನಲ್ ನ್ಯಾಯಾಲಯ ಶಿಕ್ಷೆ ಕೊಡಬೇಕಾದರೆ ಸಂಶಯಕ್ಕೆ ಎಡೆಯಿಲ್ಲದಂತೆ ಅಪರಾಧ ಸಾಬೀತಾಗಬೇಕು. ಕ್ರೀಡಾ ಸಂಸ್ಥೆಗಳ ಶಿಸ್ತು ಸಮಿತಿಗೆ ಅಷ್ಟು ಎತ್ತರದ ಪುರಾವೆ ಬೇಕಿಲ್ಲ, ಸಮಿತಿಗೆ ಸಮಾಧಾನಕರವಾಗಿ ಮನವರಿಕೆಯಾದರೆ ಸಾಕು. ಕಚೇರಿಯಲ್ಲಿ ಇಲಾಖಾ ವಿಚಾರಣೆ ಬೇರೆ, ಪೊಲೀಸ್ ಕೇಸು ಬೇರೆ ಇರುವಂತೆಯೇ ಇದು. ವೇಗದ ಬೌಲರ್ ಎಸ್. ಶ್ರೀಶಾಂತ್ ಪ್ರಕರಣ ನೋಡಿ. 2013ರ ಮೇ ತಿಂಗಳಲ್ಲಿ ಐಪಿಎಲ್ ನಡೆಯುತ್ತಿದ್ದಾಗಲೇ ಸ್ಪಾಟ್ ಫಿಕ್ಸಿಂಗ್ ಆರೋಪದ ಮೇಲೆ ದೆಹಲಿ ಪೊಲೀಸರು ಅವರನ್ನೂ ರಾಜಸ್ಥಾನ ತಂಡದ ಇನ್ನಿಬ್ಬರನ್ನೂ ಬಂಧಿಸಿದರು. ಬಿಸಿಸಿಐ ಆಜೀವ ನಿಷೇಧ ಹೇರಿತು. 2015ರಲ್ಲಿ ದೆಹಲಿಯ ನ್ಯಾಯಾಲಯ ಆರೋಪದಿಂದ ಬಿಡುಗಡೆ ಮಾಡಿತು, ಆದರೂ ನಿಷೇಧ ಉಳಿಯಿತು. 2019ರಲ್ಲಿ ಸುಪ್ರೀಂ ಕೋರ್ಟ್ ಶಿಕ್ಷೆಯ ಪ್ರಮಾಣವನ್ನು ಮರುಪರಿಶೀಲಿಸಲು ಹೇಳಿದ ಮೇಲೆ ಅದು ಏಳು ವರ್ಷಕ್ಕೆ ಇಳಿಯಿತು. ಭಾರತದ ಮಾಜಿ ನಾಯಕ ಮೊಹಮ್ಮದ್ ಅಜರುದ್ದೀನ್ ಮೇಲೆ ಮ್ಯಾಚ್ ಫಿಕ್ಸಿಂಗ್‌ಗಾಗಿ 2000ದಲ್ಲಿ ಹೇರಿದ ಆಜೀವ ನಿಷೇಧವನ್ನು ಆಂಧ್ರಪ್ರದೇಶ ಹೈಕೋರ್ಟ್ 2012ರಲ್ಲಿ ಕಾನೂನುಬಾಹಿರವೆಂದು ತಳ್ಳಿಹಾಕಿತು. ಅಷ್ಟರಲ್ಲಿ ಅವರು ಮೊರಾದಾಬಾದ್‌ನಿಂದ ಲೋಕಸಭೆಗೆ ಗೆದ್ದೂ ಆಗಿತ್ತು.

ಕಾನೂನಿನ ಗಡಿಯಾರ ವರ್ಷಗಳಲ್ಲಿ ನಡೆಯುತ್ತದೆ. ಅಭಿಮಾನಿಯ ತೀರ್ಪು ಮೊದಲ ಅರ್ಧ ಗಂಟೆಯಲ್ಲಿ ಬಂದಿರುತ್ತದೆ. ಒಮ್ಮೆ ನಾಲ್ಕು ಜನರ ಮುಂದೆ ಹೇಳಿದ ಮೇಲೆ ಹಿಂದಕ್ಕೆ ಪಡೆಯುವುದು ಮಾನದ ಪ್ರಶ್ನೆಯಾಗುತ್ತದೆ. ಹಿಂದೆ ಕಟ್ಟೆಯ ಮೇಲೆ ಆಡಿದ ಮಾತು ಗಾಳಿಗೆ ಹೋಗುತ್ತಿತ್ತು. ಈಗ ಅದು ಬರಹವಾಗಿ, ದಿನಾಂಕ ಸಮೇತ ಉಳಿಯುತ್ತದೆ.

ಮನೆಯವನ ಮೇಲೇ ಹೆಚ್ಚು ಸಿಟ್ಟು ಬರುವುದೂ ಉಂಟು

ನಮ್ಮವನನ್ನು ನಾವು ಯಾವಾಗಲೂ ಕಾಪಾಡುತ್ತೇವೆ ಎಂಬುದು ಅರ್ಧ ಮಾತ್ರ ಸರಿ. ತಪ್ಪು ಮುಚ್ಚಲಾಗದಷ್ಟು ಸ್ಪಷ್ಟವಿದ್ದು, ಅದರಿಂದ ಗುಂಪಿನ ಮಾನವೇ ಹೋಗುತ್ತದೆ ಎನಿಸಿದಾಗ ಗುಂಪು ತನ್ನವನ ಮೇಲೆ ಹೊರಗಿನವರಿಗಿಂತ ಕಠಿಣವಾಗುತ್ತದೆ. ಮದುವೆ ಮನೆಯಲ್ಲಿ ಕುಡಿದು ಗಲಾಟೆ ಮಾಡಿದವನನ್ನು ಮೊದಲು ಎಳೆದೊಯ್ಯುವುದು ಅವನ ಸ್ವಂತ ಮಾವನೇ.

2018ರಲ್ಲಿ ಆಸ್ಟ್ರೇಲಿಯಾದಲ್ಲಿ ಇದೇ ಆಯಿತು. ಚೆಂಡು ವಿರೂಪಕ್ಕೆ ಐಸಿಸಿ ಸ್ಮಿತ್ ಅವರಿಗೆ ಕೊಟ್ಟದ್ದು ಒಂದು ಟೆಸ್ಟಿನ ನಿಷೇಧ ಮತ್ತು ಪಂದ್ಯದ ಸಂಭಾವನೆಯ ದಂಡ. ಅವರದೇ ದೇಶದ ಮಂಡಳಿ ಸ್ಮಿತ್ ಮತ್ತು ಉಪನಾಯಕ ಡೇವಿಡ್ ವಾರ್ನರ್‌ಗೆ ಹನ್ನೆರಡು ತಿಂಗಳು, ಬ್ಯಾಂಕ್ರಾಫ್ಟ್‌ಗೆ ಒಂಬತ್ತು ತಿಂಗಳು ನಿಷೇಧ ಹೇರಿತು. ಪ್ರಧಾನಿ ಮಾಲ್ಕಮ್ ಟರ್ನ್‌ಬುಲ್ ಬಹಿರಂಗವಾಗಿ ಬೇಸರ ಹೇಳಿದರು. ಪ್ರಾಯೋಜಕ ಸಂಸ್ಥೆಯೊಂದು ಒಪ್ಪಂದ ಮುರಿದುಕೊಂಡಿತು. ತಾವು ಬಿರುಸಾಗಿ ಆಡುತ್ತೇವೆ, ಆದರೆ ಮೋಸ ಮಾಡುವುದಿಲ್ಲ ಎಂದು ಆ ದೇಶ ತನ್ನ ಬಗ್ಗೆ ತಾನೇ ಹೇಳಿಕೊಳ್ಳುತ್ತಿದ್ದ ಮಾತಿಗೆ ಏಟು ಬಿದ್ದಿತ್ತು.

ಮರೆತುಹೋಗುವ ಇನ್ನೊಬ್ಬರು

ಇಷ್ಟು ಹೊತ್ತು ಅಭಿಮಾನಿ ಮತ್ತು ಆಟಗಾರ ಇಬ್ಬರ ಬಗ್ಗೆಯೇ ಮಾತಾಡಿದೆವು. ಮೈದಾನದ ಹೊರಗಿನ ಎಷ್ಟೋ ಪ್ರಕರಣಗಳಲ್ಲಿ ಮೂರನೆಯವರೊಬ್ಬರು ಇರುತ್ತಾರೆ: ಏಟು ತಿಂದವರು. ‘ಬೇರ್ಪಡಿಸುವ’ ದಾರಿಯಲ್ಲಿ ಅವರು ಸುಲಭವಾಗಿ ಕಣ್ಮರೆಯಾಗುತ್ತಾರೆ. 1992ರಲ್ಲಿ ಅತ್ಯಾಚಾರ ಪ್ರಕರಣದಲ್ಲಿ ತಪ್ಪಿತಸ್ಥರೆಂದು ತೀರ್ಮಾನವಾಗಿ ಜೈಲಿಗೆ ಹೋದ ಬಾಕ್ಸರ್ ಮೈಕ್ ಟೈಸನ್ 1995ರಲ್ಲಿ ಹೊರಬಂದು ಕಣಕ್ಕಿಳಿದಾಗ ಜನ ಮುಗಿಬಿದ್ದು ನೋಡಿದರು. ಗೆಲುವು ಸೋಲಿನ ಚರ್ಚೆ ವರ್ಷಗಟ್ಟಲೆ ನಡೆಯಿತು. ದೂರು ಕೊಟ್ಟ ಹೆಣ್ಣುಮಗಳ ಬದುಕು ಆ ಚರ್ಚೆಯ ಅಂಚಿಗೂ ಬರಲಿಲ್ಲ.

ಚೆಂಡು ಕೆರೆದದ್ದಕ್ಕೆ ಪೋಸ್ಟರ್ ಇಳಿಸುವ ಅಭಿಮಾನಿ, ಮನುಷ್ಯರ ಮೇಲೆ ಕೈ ಮಾಡಿದ್ದಕ್ಕೆ ‘ಅದು ಅವನ ವೈಯಕ್ತಿಕ ವಿಷಯ’ ಎನ್ನುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಮನಸ್ಸು ಹೀಗೆ ಏಕೆ ಎಣಿಸುತ್ತದೆ ಎಂಬುದನ್ನು ಹಾಲಿನ ಉದಾಹರಣೆ ವಿವರಿಸುತ್ತದೆ. ಆ ಎಣಿಕೆ ಸರಿ ಎಂದು ಅದು ಹೇಳುವುದಿಲ್ಲ. ದೂರು ಕೊಟ್ಟವರ ಮೇಲೆಯೇ ಅಭಿಮಾನಿಗಳು ಸಾವಿರ ಸಂಖ್ಯೆಯಲ್ಲಿ ಮುಗಿಬೀಳುವುದನ್ನು ನೋಡಿದಾಗ ಈ ವ್ಯತ್ಯಾಸ ಹೇಳಲೇಬೇಕೆನಿಸುತ್ತದೆ.

ಕ್ಷಮೆ ಹೇಗೆ ಬರುತ್ತದೆ

ಕ್ಷಮೆಗೆ ಸೂತ್ರವಿಲ್ಲ, ಆದರೆ ಮತ್ತೆ ಮತ್ತೆ ಕಾಣುವ ಕೆಲವು ಅಂಶಗಳಿವೆ. ತಾನಾಗಿ ಒಪ್ಪಿಕೊಳ್ಳುವುದು. ಶಿಕ್ಷೆಯನ್ನು ಪೂರ್ತಿ ಅನುಭವಿಸುವುದು. ಕಾಲ. ಮತ್ತೆ, ಬಹಳ ಜನ ಹೇಳಲು ಹಿಂಜರಿಯುವ ಒಂದು: ಚೆನ್ನಾಗಿ ಆಡುವುದು. ವಾರ್ನರ್ 2019ರಲ್ಲಿ ಹೈದರಾಬಾದ್ ತಂಡಕ್ಕೆ ಮರಳಿ ಆ ಐಪಿಎಲ್‌ನಲ್ಲಿ ಎಲ್ಲರಿಗಿಂತ ಹೆಚ್ಚು, 692 ರನ್ ಹೊಡೆದಾಗ ಅಲ್ಲಿಯ ಜನಕ್ಕೆ ಸ್ಯಾಂಡ್‌ಪೇಪರ್ ನೆನಪಿರಲಿಲ್ಲ. ತಂಡಗಳಿಗೂ ಇದೇ ಮಾತು. ಬೆಟ್ಟಿಂಗ್ ಪ್ರಕರಣದಲ್ಲಿ ಎರಡು ವರ್ಷ ಅಮಾನತಾಗಿದ್ದ ಚೆನ್ನೈ ತಂಡ 2018ರಲ್ಲಿ ಮರಳಿತು. ಕಾವೇರಿ ಪ್ರತಿಭಟನೆಯಿಂದಾಗಿ ಅದರ ತವರಿನ ಪಂದ್ಯಗಳು ಪುಣೆಗೆ ಹೋದಾಗ ಅಭಿಮಾನಿಗಳು ವಿಶೇಷ ರೈಲು ಹತ್ತಿ ಹಿಂಬಾಲಿಸಿದರು. ಆ ವರ್ಷ ಕಪ್ಪೂ ಅವರದೇ.

ಸಾವು ಕೂಡ ಲೆಕ್ಕ ಬದಲಿಸುತ್ತದೆ. ಕ್ರೋನಿಯೆ 2002ರ ಜೂನ್ 1ರಂದು ವಿಮಾನ ದುರಂತದಲ್ಲಿ ತೀರಿಕೊಂಡರು, ವಯಸ್ಸು 32. ಎರಡು ವರ್ಷದ ಬಳಿಕ ದಕ್ಷಿಣ ಆಫ್ರಿಕಾದ ದೂರದರ್ಶನ ನಡೆಸಿದ ಮತದಾನದಲ್ಲಿ ದೇಶದ ಮಹಾನ್ ವ್ಯಕ್ತಿಗಳ ಸಾಲಿನಲ್ಲಿ ಜನ ಅವರಿಗೆ 11ನೇ ಸ್ಥಾನ ಕೊಟ್ಟರು.

ಸ್ಮಿತ್ ಕಥೆಯಲ್ಲಿ ಈ ಅಂಶಗಳೆಲ್ಲ ಒಂದಾಗಿ ಬಂದವು. 2018ರ ಮಾರ್ಚ್ 29ರಂದು ಸಿಡ್ನಿ ವಿಮಾನ ನಿಲ್ದಾಣದಲ್ಲಿ ಮೈಕುಗಳ ಮುಂದೆ ನಿಂತು ಹೊಣೆ ತಮ್ಮದೇ ಎಂದರು. ಅಪ್ಪನ ಹೆಸರು ಬಾಯಿಗೆ ಬಂದಾಗ ಗಂಟಲು ಕಟ್ಟಿತು. ಹಿಂದೆ ನಿಂತಿದ್ದ ಅಪ್ಪ ಮಗನ ಭುಜದ ಮೇಲೆ ಕೈ ಇಟ್ಟರು. ಅಲ್ಲಿಯವರೆಗೆ ಕಲ್ಲಾಗಿದ್ದ ಎಷ್ಟೋ ಮನೆಗಳಲ್ಲಿ ಆ ದೃಶ್ಯ ನೋಡಿ ಮಾತು ಮೆತ್ತಗಾಯಿತು.

2019ರ ಜೂನ್ 9ರಂದು ಲಂಡನ್ನಿನ ಓವಲ್‌ನಲ್ಲಿ ವಿಶ್ವಕಪ್ ಪಂದ್ಯ. ಗಡಿಯ ಬಳಿ ಫೀಲ್ಡಿಂಗ್ ಮಾಡುತ್ತಿದ್ದ ಸ್ಮಿತ್ ಅವರನ್ನು ಭಾರತೀಯ ಪ್ರೇಕ್ಷಕರು ಹೀಯಾಳಿಸತೊಡಗಿದರು. ಬ್ಯಾಟಿಂಗ್ ಮಾಡುತ್ತಿದ್ದ ಕೊಹ್ಲಿ ಗ್ಯಾಲರಿಯ ಕಡೆ ತಿರುಗಿ, ಹೀಯಾಳಿಸುವ ಬದಲು ಚಪ್ಪಾಳೆ ತಟ್ಟಿ ಎಂದು ಕೈಸನ್ನೆ ಮಾಡಿದರು. ಚಿನ್ನಸ್ವಾಮಿಯಲ್ಲಿ ಸಿಟ್ಟಿನಿಂದ ಓಡಿಬಂದಿದ್ದವರು ಇದೇ ಕೊಹ್ಲಿ. ತಪ್ಪೊಪ್ಪಿಕೊಂಡು, ಶಿಕ್ಷೆ ಮುಗಿಸಿ ಬಂದ ಮೇಲೂ ತನ್ನನ್ನು ಹಾಗೆ ನಡೆಸಿಕೊಂಡರೆ ತನಗೂ ನೋವಾಗುತ್ತಿತ್ತು ಎಂಬುದು ಆಮೇಲೆ ಅವರು ಕೊಟ್ಟ ಕಾರಣ.

ಆ ಆಗಸ್ಟ್‌ನಲ್ಲಿ ಇಂಗ್ಲೆಂಡ್–ಆಸ್ಟ್ರೇಲಿಯಾ ನಡುವಿನ ಆ್ಯಷಸ್ ಟೆಸ್ಟ್ ಸರಣಿ ಶುರುವಾದಾಗ ಎಜ್‌ಬಾಸ್ಟನ್‌ನಲ್ಲಿ ಇಂಗ್ಲೆಂಡ್ ಅಭಿಮಾನಿಗಳು ಸ್ಯಾಂಡ್‌ಪೇಪರ್ ಹಾಳೆಗಳನ್ನು ಎತ್ತಿ ಹಿಡಿದು ಸ್ಮಿತ್ ಅವರನ್ನು ಬರಮಾಡಿಕೊಂಡರು. ಅವರು 144 ಮತ್ತು 142 ಹೊಡೆದರು. ಸರಣಿ ಮುಗಿಯುವಾಗ ಅವರ ಲೆಕ್ಕಕ್ಕೆ 774 ರನ್. ಸೆಪ್ಟೆಂಬರ್‌ನಲ್ಲಿ ಕೊನೆಯ ಟೆಸ್ಟ್ ಮತ್ತೆ ಅದೇ ಓವಲ್‌ನಲ್ಲಿ. ಕೊನೆಯ ಇನಿಂಗ್ಸಿನಲ್ಲಿ 23ಕ್ಕೆ ಔಟಾಗಿ ಸ್ಮಿತ್ ಮೆಟ್ಟಿಲಿನ ಕಡೆ ನಡೆದರು. ಇಂಗ್ಲೆಂಡಿನ ಪ್ರೇಕ್ಷಕರು ಎದ್ದು ನಿಂತು, ಅವರು ಒಳಗೆ ಹೋಗುವವರೆಗೂ ಚಪ್ಪಾಳೆ ತಟ್ಟಿದರು.